ಗರ್ಭಿಣಿಯರೂ ಬಿಸಿಲಿಲ್ಲದ ಕಂದುಬಣ್ಣವೂ

ಬಿಳಿಯ ಮೈಯನ್ನು ಬಿಸಿಲಿಗೊಡ್ಡಿ ಕಂದಾಗಿಸಿಕೊಳ್ಳುವುದು ಪಾಶ್ಚಾತ್ಯ ದೇಶಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ಅಭಿರುಚಿ. ಸೂರ್ಯನ ಅತಿನೇರಳೆ ಕಿರಣಗಳಿಂದ ಚರ್ಮದ ಅರ್ಬುದ ಉಂಟಾಗಬಹುದೆಂದು ತಿಳಿದ ಮೇಲೆ, ಬಿಸಿಲಿನ ನೆರವಿಲ್ಲದೆ ಅದೇ ಬಣ್ಣವನ್ನು ಕೊಡುವ ಲೇಪಗಳಿಗೆ ಅಲ್ಲಿ ಬೇಡಿಕೆ ಹೆಚ್ಚಿತು. ಇವನ್ನು ಗರ್ಭಿಣಿಯರು ಬಳಸಬಹುದೆ? ಈ ಪ್ರಶ್ನೆಯ ಉತ್ತರವು ಬಹುಮಟ್ಟಿಗೆ ಆ ದ್ರವ್ಯವು ಶರೀರವನ್ನು ಹೊಗುವ ದಾರಿಯನ್ನು ಅವಲಂಬಿಸಿದೆ.

ಲೇಪಗಳ ಮುಖ್ಯ ದ್ರವ್ಯ ಡೈಹೈಡ್ರಾಕ್ಸಿಅಸಿಟೋನ್. ಇದು ಮೂರು ಇಂಗಾಲ ಪರಮಾಣುಗಳುಳ್ಳ ಸರಳ ಸಕ್ಕರೆ. ಇದರ ಗುಣವು ಪ್ರಸಿದ್ಧಿಗೆ ಬಂದುದು ಆಕಸ್ಮಿಕವಾಗಿ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಈವಾ ವಿಟ್‌ಗೆನ್‌ಸ್ಟೈನ್ ಎಂಬ ಸಂಶೋಧಕಿ ಗ್ಲೈಕೋಜನ್ ಸಂಗ್ರಹದ ದೋಷವುಳ್ಳ ಮಕ್ಕಳಿಗೆ ಇದನ್ನು ಕುಡಿಸಿ ಪರೀಕ್ಷಿಸುತ್ತಿದ್ದರು. ದ್ರವವು ಚೆಲ್ಲಿದ ಕಡೆ ಚರ್ಮ ಕೆಲವು ಗಂಟೆಗಳಲ್ಲಿ ಕಂದಾಯಿತು. ಉಡುಪಿಗೆ ಮಾತ್ರ ಬಣ್ಣವೇರಲಿಲ್ಲ. ಆಕೆ ಅದನ್ನು ತಮ್ಮ ಮೈಗೇ ಹಚ್ಚಿ ನೋಡಿ, 1960ರಲ್ಲಿ ಬೆರ್ರಿ ಎಂಬವರೊಡನೆ ಈ ಕ್ರಿಯೆಯನ್ನು ಕುರಿತು ಲೇಖನ ಪ್ರಕಟಿಸಿದರು.

ಚರ್ಮದ ಅತ್ಯಂತ ಹೊರಗಿನ ಪದರ ಸತ್ತ ಜೀವಕೋಶಗಳದು. ಅಲ್ಲಿಯ ಅಮೈನೋ ಆಮ್ಲಗಳೊಡನೆ ಈ ಸಕ್ಕರೆ ಸಂಯೋಗ ಹೊಂದಿ ಕಂದು ವಸ್ತುಗಳನ್ನು ಉಂಟುಮಾಡುತ್ತದೆ. 1912ರಲ್ಲಿ ಫ್ರಾನ್ಸಿನ ಮಾಯಾರ್ ವಿವರಿಸಿದ ಕ್ರಿಯೆ ಇದೇ ಬಗೆಯದು. ಕಾವಲಿಯ ಮೇಲೆ ದೋಸೆ ಕೆಂಪೇರುವುದೂ ಇದರಿಂದಲೆ. ಅಲ್ಲಿ ಕಾವು ಬೇಕು, ಇಲ್ಲಿ ಬೇಡ. ಸತ್ತ ಕೋಶಗಳು ಉದುರಿದಂತೆಲ್ಲ ಸುಮಾರು ಒಂದು ವಾರದಲ್ಲಿ ಬಣ್ಣವೂ ಮಾಸಿಹೋಗುತ್ತದೆ.

ಹಚ್ಚಿದ ದ್ರವ್ಯದ ಬಹುಭಾಗ ಹೀಗೆ ಮೇಲ್ಪದರದಲ್ಲಿಯೇ ಉಳಿಯುವುದರಿಂದ ರಕ್ತವನ್ನು ಸೇರುವುದು ಅತ್ಯಲ್ಪ. ಮೇಲಾಗಿ ಇದರ ಫಾಸ್ಫೇಟ್ ರೂಪವು ಗ್ಲೂಕೋಸಿನ ವಿಘಟನೆಯ ಹಂತವಾಗಿ ನಮ್ಮ ಜೀವಕೋಶಗಳಲ್ಲಿ ಸದಾ ಹುಟ್ಟುತ್ತಿರುತ್ತದೆ. ಆದಕಾರಣ ಲೇಪದಿಂದ ಭ್ರೂಣಕ್ಕೆ ಅಪಾಯ ಸಂಭವಿಸಲಾರದೆಂದು ವೈದ್ಯರು ಸಾಮಾನ್ಯವಾಗಿ ಭಾವಿಸುತ್ತಾರೆ. ಆದರೆ ಗರ್ಭಿಣಿಯರ ಮೇಲೆ ನಡೆದ ನಿಯಂತ್ರಿತ ಪ್ರಯೋಗಗಳ ಆಧಾರ ಇದಕ್ಕಿಲ್ಲ. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಅನುಮಾನ ಪ್ರಮಾಣ, ಪ್ರತ್ಯಕ್ಷವಲ್ಲ. ಅಂಗಗಳು ರೂಪುಗೊಳ್ಳುವ ಮೊದಲ ಮೂರು ತಿಂಗಳು ಕಳೆಯಲೆಂದು ಕೆಲವರು ಸಲಹೆ ಕೊಡುವುದು ಈ ಕಾರಣದಿಂದಲೆ.

ಅದೇ ದ್ರವ್ಯವನ್ನು ತುಂತುರಾಗಿ ಮೈಗೆ ಸಿಂಪಡಿಸಿದಾಗ ಮಾತು ಬೇರೆ. ಉಸಿರಿನೊಡನೆ ಒಳಹೋದ ಹನಿಗಳನ್ನು ತಡೆಯಲು ಶ್ವಾಸಕೋಶದಲ್ಲಿ ಸತ್ತ ಕೋಶಗಳ ಹೊದಿಕೆಯಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿಯು ಹೊರಗಿನ ಲೇಪನಕ್ಕೆ ಮಾತ್ರ ಅನ್ವಯಿಸುತ್ತದೆ. ಕಣ್ಣು, ತುಟಿ, ಲೋಳೆಪೊರೆಗಳಿಗೆ ತಾಗಿಸುವಂತಿಲ್ಲ. ಬಣ್ಣಕ್ಕಾಗಿ ನುಂಗುವ ಕ್ಯಾಂಥಾಕ್ಸಾಂಥಿನ್ ಗುಳಿಗೆಗಳಂತೂ ಸರ್ವಥಾ ವರ್ಜ್ಯ; ಆ ವರ್ಣದ್ರವ್ಯವು ಕಣ್ಣಿನ ಅಕ್ಷಿಪಟದಲ್ಲಿ ಹರಳುಗಟ್ಟಿದ್ದುಂಟು. ನಮ್ಮ ದೇಶದಲ್ಲಿ ಹಂಬಲವು ವಿರುದ್ಧ ದಿಕ್ಕಿನದು. ಬಿಳುಪಿಗಾಗಿ ಹಚ್ಚುವ ಕೆಲವು ಲೇಪಗಳಲ್ಲಿ ಪಾದರಸವಿರುವುದು ಕಂಡುಬಂದಿದೆ. ಅದು ಚರ್ಮವನ್ನು ದಾಟಿ ರಕ್ತವನ್ನೂ ಭ್ರೂಣವನ್ನೂ ಸೇರಬಲ್ಲುದಾದ್ದರಿಂದ ಇದಕ್ಕಿಂತ ಎಷ್ಟೋ ಘೋರವಾದುದು.

ಲೇಪವನ್ನು ಬಿಟ್ಟು ಗರ್ಭಿಣಿಯು ಬಿಸಿಲಿಗೋ ಕೃತಕ ಕಿರಣದೀಪಗಳಿಗೋ ಮೈಯೊಡ್ಡುವುದು ಲೇಸಲ್ಲ. ಅತಿನೇರಳೆ ಬೆಳಕಿನಿಂದ ರಕ್ತರಸದ ಫೋಲೇಟ್ ನಾಶವಾಗುವುದನ್ನು 1978ರಲ್ಲಿ ಬ್ರಾಂಡಾ ಮತ್ತು ಈಟನ್ ತೋರಿಸಿದರು. ಭ್ರೂಣದ ಮಿದುಳು, ಬೆನ್ನುಹುರಿಗಳಾಗುವ ನಾಳ ಸರಿಯಾಗಿ ಮುಚ್ಚಿಕೊಳ್ಳಲು ಈ ವಿಟಮಿನ್ ಅವಶ್ಯಕ. ಆ ಕಾರ್ಯವು ಗರ್ಭಧಾರಣೆಯ ನಾಲ್ಕು ವಾರಗಳೊಳಗೆ, ಎಷ್ಟೋ ವೇಳೆ ತಾಯಿಗೆ ತಾನು ಗರ್ಭಿಣಿಯೆಂದು ತಿಳಿಯುವ ಮೊದಲೆ, ಮುಗಿದಿರುತ್ತದೆ. ಲೇಪದ ಕಂದುಬಣ್ಣವು ಮೆಲನಿನ್ ಅಲ್ಲವಾದುದರಿಂದ ಬಿಸಿಲನ್ನು ಅದು ತಡೆಯುವುದು ತೀರ ಕಡಿಮೆ. ಅದನ್ನು ಹಚ್ಚಿಕೊಂಡವಳಿಗೂ ಹೊರಗೆ ನೆರಳೋ ಕೊಡೆಯೋ ಬೇಕಾಗುತ್ತದೆ.