ಈ ತಿಂಗಳು ಯಾವ ಪುಸ್ತಕ?

ಓದುಗರ ಬಳಗ ಕಟ್ಟುವುದು ಸುಲಭ, ಎರಡನೆಯ ತಿಂಗಳ ಪುಸ್ತಕ ಆರಿಸುವುದು ಕಷ್ಟ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಉಪನಗರದ ಕಡೆ ಹತ್ತು ಹನ್ನೆರಡು ಮಂದಿ ಸೇರಿ ಒಂದೇ ಪುಸ್ತಕ ಓದಿ ಮಾತಾಡೋಣ ಎಂದು ಹೊರಟವರೆಲ್ಲ ಈ ಮಾತನ್ನು ಒಪ್ಪುತ್ತಾರೆ. ಮೊದಲ ತಿಂಗಳು ‘ಕರ್ವಾಲೊ’ ಎಂದು ಯಾರೋ ಹೇಳುತ್ತಾರೆ, ಎಲ್ಲರೂ ಹೂಂ ಎನ್ನುತ್ತಾರೆ. ಅರ್ಧದಷ್ಟು ಜನ ಕಾಲೇಜಿನಲ್ಲೇ ಓದಿರುತ್ತಾರೆ, ಮಾತು ತಾನಾಗಿ ಬೆಳೆಯುತ್ತದೆ. ಮುಂದಿನ ತಿಂಗಳಿಗೆ ವಾಟ್ಸಾಪ್ ಗುಂಪಿನಲ್ಲಿ ಹದಿನೈದು ಹೆಸರು ಬರುತ್ತವೆ. ವೋಟಿಗೆ ಹಾಕುತ್ತಾರೆ. ಗೆಲ್ಲುವುದು ಎಲ್ಲರೂ ಹೆಸರು ಕೇಳಿರುವ ಪುಸ್ತಕ. ಯಾರೂ ಕೇಳಿರದ ಒಳ್ಳೆಯ ಪುಸ್ತಕಕ್ಕೆ ಅದನ್ನು ಸೂಚಿಸಿದವರ ಒಂದೇ ವೋಟು.

ಕನ್ನಡದಲ್ಲಿ ಹತ್ತು ಜನಕ್ಕೆ ಒಂದು ಪುಸ್ತಕ ಆರಿಸಿಕೊಡುವ ಕೆಲಸ ಹೊಸದಲ್ಲ. ಅದನ್ನು ಯಾರು ಮಾಡುತ್ತಿದ್ದರು, ಯಾವ ಧೈರ್ಯದ ಮೇಲೆ ಮಾಡುತ್ತಿದ್ದರು ಎಂದು ಹಿಂದೆ ನೋಡಿದರೆ ಇವತ್ತಿನ ಬಳಗಗಳಿಗೆ ಬೇಕಾದದ್ದು ಅಲ್ಲಿ ಸಿಗುತ್ತದೆ.

ಅಚ್ಚಿನ ಪುಸ್ತಕ ಮನೆಮನೆಗೆ ಬರುವ ಮುಂಚೆ ಊರಿನವರು ಕೂತು ಕೇಳುತ್ತಿದ್ದದ್ದು ಗಮಕ. ಒಬ್ಬರು ರಾಗವಾಗಿ ವಾಚನ ಮಾಡಬೇಕು, ಇನ್ನೊಬ್ಬರು ವ್ಯಾಖ್ಯಾನ ಹೇಳಬೇಕು. ಕುಮಾರವ್ಯಾಸನ ಭಾರತವೋ ಲಕ್ಷ್ಮೀಶನ ಜೈಮಿನಿಯೋ, ಇವತ್ತು ಯಾವ ಸಂಧಿ ಎಂಬುದು ಕಾಲ ನೋಡಿ, ಕೂತವರ ಮುಖ ನೋಡಿ ತೀರ್ಮಾನವಾಗುತ್ತಿತ್ತು. ಮಳೆ ಬಾರದಿದ್ದರೆ ವಿರಾಟಪರ್ವ ಓದಿಸುವ ರೂಢಿ ಇಂದಿಗೂ ಕೆಲವು ಊರುಗಳಲ್ಲಿದೆ. ಆರಿಸುವವರೂ ಓದುವವರೂ ಕೇಳುವವರ ಎದುರಿಗೇ ಕೂತಿರುತ್ತಿದ್ದರು. ಬೇಸರವಾದರೆ ಜನ ಎದ್ದು ಹೋಗುತ್ತಿದ್ದರು, ಅದು ಅಲ್ಲೇ ಕಾಣುತ್ತಿತ್ತು. ಕುಮಾರವ್ಯಾಸನ ಇದೇ ಭಾರತ 1958ರಲ್ಲಿ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ, ಸರ್ಕಾರದ ಜನಪ್ರಿಯ ಆವೃತ್ತಿಯಾಗಿ, ಎರಡು ರೂಪಾಯಿ ಬೆಲೆಗೆ ಬಂತು. ಆರಿಸಿದ್ದನ್ನು ಎಲ್ಲರ ಕೈಗೆಟಕುವಂತೆ ಮಾಡುವುದೂ ಆರಿಸುವವರ ಹೊಣೆಯೇ ಎಂದು ತೋರಿಸಿಕೊಟ್ಟ ಪ್ರಕಟಣೆ ಅದು.

ಕಾದಂಬರಿಯ ಕಾಲ ಬಂದಾಗ ಓದುಗರನ್ನು ಹುಡುಕಿಕೊಂಡು ಹೋಗಬೇಕಾಯಿತು. ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ್ದು ನಮಗೆಲ್ಲ ಗೊತ್ತಿರುವ ಕಥೆ. ಅಷ್ಟಾಗಿ ಹೇಳದ ಕಥೆ ಧಾರವಾಡದ್ದು.

1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದವರೂ ಇವರೇ. ಗ್ರಂಥಮಾಲೆಯ ಕ್ರಮ ಸರಳ: ಓದುಗರು ವರ್ಷದ ಚಂದಾ ಕಟ್ಟಿ ಸದಸ್ಯರಾಗುವುದು, ಮಾಲೆ ಆರಿಸಿ ಅಚ್ಚು ಹಾಕಿದ ಪುಸ್ತಕಗಳು ಅವರ ಮನೆಗೆ ಬರುವುದು. ಬೇಂದ್ರೆ, ಗೋಕಾಕ, ಮುಗಳಿಯವರ ಗೆಳೆಯರ ಗುಂಪಿನ ಒತ್ತಾಸೆ ಅದಕ್ಕಿತ್ತು. ಮುಂದೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಸಲಹೆಗಾರರಾಗಿ ನಿಂತರು. ಸುಭಾಸ ರಸ್ತೆಯ ಕಟ್ಟಡವೊಂದರ ಮೇಲಿದ್ದ ಗ್ರಂಥಮಾಲೆಯ ಸಣ್ಣ ಕೋಣೆಗೆ ‘ಅಟ್ಟ’ ಎಂದೇ ಹೆಸರು. ಹಸ್ತಪ್ರತಿ ಓದುವುದು, ಲೇಖಕರ ಜೊತೆ ಜಗಳವಾಡುವುದು, ತಿದ್ದಿಸುವುದು ಎಲ್ಲವೂ ಅಲ್ಲೇ.

ಆ ಅಟ್ಟದಿಂದ ಸದಸ್ಯರ ಮನೆಗೆ ಹೋದದ್ದೇನು ಎಂದು ನೋಡಬೇಕು. 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’. ಬರೆದವರಿಗೆ ಆಗ 23 ವರ್ಷ, ಹೆಸರು ಯಾರಿಗೂ ಗೊತ್ತಿರಲಿಲ್ಲ. 1964ರಲ್ಲಿ ‘ತುಘಲಕ್’. ಶಾಂತಿನಾಥ ದೇಸಾಯಿಯವರ ‘ಮುಕ್ತಿ’. 1969ರಲ್ಲಿ, ಷಿಕಾಗೋದಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ ಅವರ ಕವಿತೆಗಳ ‘ಹೊಕ್ಕುಳಲ್ಲಿ ಹೂವಿಲ್ಲ’. ಈ ಪುಸ್ತಕಗಳನ್ನು ಅಂದಿನ ಓದುಗರ ಮುಂದೆ ವೋಟಿಗಿಟ್ಟಿದ್ದರೆ ಒಂದೂ ಗೆಲ್ಲುತ್ತಿರಲಿಲ್ಲ. ಧಾರವಾಡದ ವಕೀಲರು, ಸಣ್ಣ ಊರಿನ ಮೇಷ್ಟ್ರು, ಅಂಚೆ ಕಚೇರಿಯ ಗುಮಾಸ್ತರು ಅವನ್ನು ಓದಿದರು, ಕೆಲವರು ಬೈದಿರಲೂಬಹುದು. ಆದರೂ ಮರುವರ್ಷ ಚಂದಾ ಕಟ್ಟಿದರು. ನವ್ಯ ಸಾಹಿತ್ಯಕ್ಕೆ ಓದುಗರು ತಾವಾಗಿ ಹುಟ್ಟಲಿಲ್ಲ. ಹೀಗೆ ಒಬ್ಬೊಬ್ಬರ ಕೈಗೆ ಪುಸ್ತಕ ಇಟ್ಟು ಅವರನ್ನು ಬೆಳೆಸಿದ್ದರಲ್ಲಿ ಮನೋಹರ ಗ್ರಂಥಮಾಲೆಯದು ದೊಡ್ಡ ಪಾಲು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹೊರಗಿನ ಜಗತ್ತಿನಲ್ಲೂ ಗ್ರಂಥಮಾಲೆ ಶುರುವಾದ ಆಸುಪಾಸಿನಲ್ಲೇ ಇಂಥದ್ದೇ ಪ್ರಯೋಗ ನಡೆಯುತ್ತಿತ್ತು. ಅಮೆರಿಕದಲ್ಲಿ 1926ರಲ್ಲಿ ಹ್ಯಾರಿ ಶೆರ್ಮನ್ ಬುಕ್ ಆಫ್ ದ ಮಂತ್ ಕ್ಲಬ್ ತೆರೆದರು. ತೀರ್ಪುಗಾರರ ಸಮಿತಿ ತಿಂಗಳಿಗೊಂದು ಪುಸ್ತಕ ಆರಿಸುತ್ತಿತ್ತು. ಮೊದಲ ಪುಸ್ತಕ ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ ಎಂಬ ಹೊಸ ಲೇಖಕಿಯ ಚೊಚ್ಚಲ ಕಾದಂಬರಿ, ಅದು ಹೋದದ್ದು 4,750 ಸದಸ್ಯರಿಗೆ. ಬ್ರಿಟನ್ನಿನಲ್ಲಿ 1936ರಲ್ಲಿ ವಿಕ್ಟರ್ ಗೊಲಾಂಜ್ ಶುರುಮಾಡಿದ ಲೆಫ್ಟ್ ಬುಕ್ ಕ್ಲಬ್ಬಿನಲ್ಲಿ ಪುಸ್ತಕ ಆರಿಸುತ್ತಿದ್ದವರು ಮೂವರೇ. ಸದಸ್ಯರ ಸಂಖ್ಯೆ ಒಂದು ಹಂತದಲ್ಲಿ 57,000ಕ್ಕೆ ಏರಿತು, ಊರೂರಲ್ಲಿ ಚರ್ಚಾ ಗುಂಪುಗಳು ಹುಟ್ಟಿದವು. ಆ ಕ್ಲಬ್ಬಿಗಿಂತ ಮೂರು ವರ್ಷ ಮುಂಚೆಯೇ ಧಾರವಾಡದಲ್ಲಿ ಕೈಯಲ್ಲಿ ಹಣವಿಲ್ಲದ ಒಬ್ಬರು ಇದೇ ಕೆಲಸಕ್ಕೆ ಇಳಿದಿದ್ದರು ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಬೆಂಗಳೂರಿನ ಪಶ್ಚಿಮಕ್ಕೆ ಓದು ಬಂದದ್ದು ಬೇರೆ ದಾರಿಯಲ್ಲಿ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಕೈಗಾರಿಕೆಗಳ ಜೊತೆಗೇ ಬೆಳೆದ ಬಡಾವಣೆ ರಾಜಾಜಿನಗರ. ಸೋಪ್ ಫ್ಯಾಕ್ಟರಿ, ಕಿರ್ಲೋಸ್ಕರ್ ಎಂದು ಬೆಳಿಗ್ಗೆ ಸೈರನ್ನಿಗೆ ಮನೆ ಬಿಡುವವರ ಊರು. ಇಂಥ ಬಡಾವಣೆಗಳಲ್ಲಿ ಓದನ್ನು ನಡೆಸಿದವರು ಮನೆಯಲ್ಲಿದ್ದ ಹೆಂಗಸರು, ನಡೆಸಿಕೊಟ್ಟದ್ದು ಸರ್ಕ್ಯುಲೇಟಿಂಗ್ ಲೈಬ್ರರಿ. ಹತ್ತಡಿ ಅಗಲದ ಮಳಿಗೆ, ಬ್ರೌನ್ ಪೇಪರ್ ಹಾಕಿದ ಬೈಂಡು, ದಿನಕ್ಕಿಷ್ಟು ಪೈಸೆ ಬಾಡಿಗೆ. ತ್ರಿವೇಣಿ, ಎಂ.ಕೆ. ಇಂದಿರಾ, ಅನಕೃ, ತರಾಸು. ಕೌಂಟರಿನ ಹಿಂದೆ ಕೂತವರು ಗಿರಾಕಿಯನ್ನು ನೋಡುತ್ತಿದ್ದಂತೆ ಕೈ ಚಾಚಿ ಒಂದು ಪುಸ್ತಕ ತೆಗೆದಿಡುತ್ತಿದ್ದರು: ‘ಇದು ನೀವು ಓದಿಲ್ಲ, ತಗೊಂಡು ಹೋಗಿ ಅಕ್ಕ.’ ಯಾವ ಮನೆಯವರು ಏನು ಓದಿದ್ದಾರೆ, ಯಾವುದನ್ನು ಅರ್ಧಕ್ಕೆ ವಾಪಸು ತಂದರು ಎಂಬುದೆಲ್ಲ ಅವರ ನೆನಪಿನಲ್ಲಿರುತ್ತಿತ್ತು. ಜೊತೆಗೆ ವಾರಪತ್ರಿಕೆಯ ಧಾರಾವಾಹಿ. 1965ರಲ್ಲಿ ಶುರುವಾದ ‘ಸುಧಾ’ ಬರುವ ದಿನ ಇಡೀ ಬೀದಿ ಒಂದೇ ಕಂತನ್ನು ಓದುತ್ತಿತ್ತು. ಯಂಡಮೂರಿಯವರ ‘ತುಳಸಿದಳ’ ಬರುತ್ತಿದ್ದಾಗ ಮುಂದಿನ ವಾರ ಏನಾಗುತ್ತದೆ ಎಂದು ನಲ್ಲಿ ಹತ್ತಿರ ನಡೆಯುತ್ತಿದ್ದ ಮಾತೇ ನಿಜವಾದ ಓದುಗರ ಬಳಗ. ಇದನ್ನು ಜನಪ್ರಿಯ ಸಾಹಿತ್ಯ ಎಂದು ತಳ್ಳಿಹಾಕಿದವರಿಗೆ ಆ ಓದಿನ ಬಲ ಗೊತ್ತಾಗಲಿಲ್ಲ.

ಟಿವಿ ಬಂದ ಮೇಲೆ ಲೈಬ್ರರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಜಾಗವನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಈ ಭಾಗದ ಕನ್ನಡ ಪುಸ್ತಕದಂಗಡಿಗಳು. ರಾಜಾಜಿನಗರದ ಆಕೃತಿ, ವಿಜಯನಗರದ ಅಮೂಲ್ಯ ಪುಸ್ತಕ ಇಂಥವು. ಗಾಂಧಿಬಜಾರಿಗೆ, ಗಾಂಧಿನಗರಕ್ಕೆ ಹೋಗದೆ ಮನೆ ಹತ್ತಿರವೇ ಕನ್ನಡ ಪುಸ್ತಕ ಸಿಗುತ್ತದೆ ಎಂಬುದು ಒಂದು ಲಾಭ. ಯಾವುದು ಓದಬಹುದು ಎಂದು ಕೇಳಿದರೆ ಹೇಳುವ ಮನುಷ್ಯರು ಅಲ್ಲಿರುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಲಾಭ.

ಈಚಿನದು ಓದಿನ ಚಾಲೆಂಜು. ಗುಡ್‌ರೀಡ್ಸ್ ತಾಣ 2011ರಿಂದ ವರ್ಷಕ್ಕೆ ಇಷ್ಟು ಪುಸ್ತಕ ಎಂದು ಗುರಿ ಇಟ್ಟುಕೊಳ್ಳುವ ಸವಾಲನ್ನು ಜನಪ್ರಿಯ ಮಾಡಿತು. ವಾರಕ್ಕೊಂದರಂತೆ 52 ಎಂಬುದು ಹಲವರ ಗುರಿ. ಕನ್ನಡದ ಬಳಗಗಳೂ ಜನವರಿಯಲ್ಲಿ ಇಂಥ ಪಟ್ಟಿ ಹಾಕಿಕೊಳ್ಳುತ್ತವೆ. ಓದು ಬಿಟ್ಟುಹೋದವರನ್ನು ಮತ್ತೆ ಪುಸ್ತಕದ ಹತ್ತಿರ ತರಲು ಇದು ನೆರವಾಗಿದೆ, ಆ ಮಟ್ಟಿಗೆ ಒಳ್ಳೆಯದು. ಆದರೆ ಎಣಿಕೆ ಮುಂದಾದಾಗ ತೆಳು ಪುಸ್ತಕಗಳೇ ಕೈಗೆ ಬರುತ್ತವೆ. ಏಳುನೂರು ಪುಟ ಮೀರುವ ‘ಮಲೆಗಳಲ್ಲಿ ಮದುಮಗಳು’ ಕೂಡ ಲೆಕ್ಕಕ್ಕೆ ಒಂದೇ. ಕುವೆಂಪು ಅವರ ಆ ಕಾದಂಬರಿ 1967ರದು. ಅದನ್ನು ಅವಸರದಲ್ಲಿ ಓದಿದರೆ ಓದಿದಂತೆಯೇ ಅಲ್ಲ. 2013ರಲ್ಲಿ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಅದು ರಾತ್ರಿಯಿಡೀ, ಒಂಬತ್ತು ಗಂಟೆಯ ನಾಟಕವಾಗಿ ನಡೆಯಿತು. ಒಂದು ರಂಗದಿಂದ ಇನ್ನೊಂದಕ್ಕೆ ಜನ ಎದ್ದು ನಡೆದು, ನಿದ್ದೆಗೆಟ್ಟು ನೋಡಿದರು. ಕೆಂಗೇರಿ, ನಾಗರಬಾವಿಯ ಮಗ್ಗುಲಲ್ಲೇ ಇಂಥದ್ದು ನಡೆದಿರುವಾಗ, ಮೂರು ತಿಂಗಳಿಗೆ ಒಂದೇ ಪುಸ್ತಕ ಎಂಬ ಸವಾಲನ್ನು ಈ ಭಾಗದ ಬಳಗವಲ್ಲದೆ ಬೇರಾರು ಹಾಕಿಕೊಳ್ಳಬೇಕು?

ನನ್ನನ್ನು ಕೇಳಿದರೆ ಪಶ್ಚಿಮ ಬೆಂಗಳೂರಿಗೆ ತಕ್ಕ ಚಾಲೆಂಜು ಬೇರೆಯೇ ಇದೆ. ಇಲ್ಲಿಯ ಮನೆಗಳಲ್ಲಿ ತುಮಕೂರು, ಮಂಡ್ಯ, ಹಾಸನದವರಿದ್ದಾರೆ. ಧಾರವಾಡ, ಕಲಬುರಗಿಯಿಂದ ಕೆಲಸಕ್ಕೆ ಬಂದು ನಿಂತವರಿದ್ದಾರೆ, ಕರಾವಳಿಯವರಿದ್ದಾರೆ. ಹನ್ನೆರಡು ಜನದ ಬಳಗದಲ್ಲಿ ಐದಾರು ಬಗೆಯ ಕನ್ನಡ ಇರುತ್ತದೆ. ವರ್ಷದಲ್ಲಿ ಪ್ರತಿಯೊಬ್ಬರೂ ತಮ್ಮ ಸೀಮೆಯದಲ್ಲದ ಪುಸ್ತಕಗಳನ್ನು ಓದಬೇಕು, ಆ ಸೀಮೆಯವರು ಅದರಿಂದ ಹತ್ತು ಪುಟ ಗಟ್ಟಿಯಾಗಿ ಓದಿ ಹೇಳಬೇಕು ಎಂದಿಟ್ಟುಕೊಳ್ಳಿ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗಿನಿಂದ ಕಷ್ಟದ ಪುಸ್ತಕ ಎಂಬ ಹೆಸರು ಹೊತ್ತಿದೆ. ಕಣ್ಣಿಗೆ ತೊಡಕಾದ ಆ ವಾಕ್ಯಗಳು ನಂಜನಗೂಡು ಕಡೆಯವರ ಬಾಯಲ್ಲಿ ಬಂದಾಗ ಕಿವಿಗೆ ಸಲೀಸಾಗಿ ಇಳಿಯುತ್ತವೆ. ಗೀತಾ ನಾಗಭೂಷಣರ ‘ಬದುಕು’ ಕಲಬುರಗಿಯವರ ದನಿಯಲ್ಲಿ ಕೇಳಬೇಕು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾಸರಗೋಡಿನ ಮುಸ್ಲಿಂ ಮನೆಯೊಳಗಿನ ಕಥೆ. ಕರ್ನಾಟಕದ ಗಡಿಯಾಚೆ ಉಳಿದ ಕನ್ನಡದ ನೆಲವನ್ನು ಬಸವೇಶ್ವರನಗರದ ಸಿದ್ದಯ್ಯ ಪುರಾಣಿಕ ರಸ್ತೆಯ ಮನೆಯೊಂದರಲ್ಲಿ ಕೂತು ಅರಿಯಲು ಅದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ವಾಚನ, ವ್ಯಾಖ್ಯಾನ ಎಂಬ ನಮ್ಮ ಹಳೆಯ ಕ್ರಮವೇ ಇದು. ಎದುರಿಗೆ ಕುಮಾರವ್ಯಾಸನ ಬದಲು ಕಾದಂಬರಿ ಇರುತ್ತದೆ, ಅಷ್ಟೇ.

ಆಯ್ಕೆಯನ್ನು ಮಾತ್ರ ವೋಟಿಗೆ ಬಿಡಬೇಡಿ. ತಿಂಗಳಿಗೊಬ್ಬರಂತೆ ಸರದಿ ಹಾಕಿ. ಆ ತಿಂಗಳು ಅವರ ಮಾತೇ ಅಂತಿಮ. ಏಕೆ ಆರಿಸಿದೆ ಎಂದು ಅವರು ಎಲ್ಲರ ಎದುರು ಐದು ನಿಮಿಷ ಹೇಳಲಿ, ಓದಿ ಮುಗಿದ ಮೇಲೆ ಬೈಗುಳವನ್ನೂ ಅವರೇ ಕೇಳಲಿ. ಜಿ.ಬಿ. ಜೋಶಿ, ಕುರ್ತಕೋಟಿ ಮಾಡಿದ್ದು ಇದನ್ನೇ.

ಇನ್ನೊಂದು ತೊಡಕು ಪ್ರತಿಗಳದ್ದು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕಾಗಿ, ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದೂ ಅದೇ ಮೊದಲು. ಮೂಲ ಕಥೆಗಳನ್ನು ಕನ್ನಡದಲ್ಲೇ ಓದೋಣ ಎಂದು ಯಾವ ಬಳಗಕ್ಕಾದರೂ ಅನ್ನಿಸುವುದು ಸಹಜ. ಆ ಕಥೆಗಳು 1990ರಿಂದ ಮೂರು ದಶಕಗಳಲ್ಲಿ ಬೇರೆ ಬೇರೆ ಸಂಕಲನಗಳಲ್ಲಿ ಬಂದವು. ಕನ್ನಡದಲ್ಲಿ ಒಂದು ಮುದ್ರಣ ಎಂದರೆ ಸಾಮಾನ್ಯವಾಗಿ ಸಾವಿರ ಪ್ರತಿ, ಅದು ಮುಗಿದರೆ ಮರುಮುದ್ರಣಕ್ಕೆ ಕಾಯಬೇಕು. ಹಾಗಾಗಿ ಪುಸ್ತಕವನ್ನು ಎರಡು ತಿಂಗಳು ಮುಂಚೆಯೇ ಆರಿಸಿ, ಅಂಗಡಿಗೋ ಪ್ರಕಾಶಕರಿಗೋ ಒಟ್ಟಿಗೆ ಹನ್ನೆರಡು ಪ್ರತಿ ಬೇಕೆಂದು ಹೇಳಿಡಿ. ಒಂದೇ ಬಾರಿಗೆ ಹನ್ನೆರಡು ಪ್ರತಿಯ ಬೇಡಿಕೆ ಕನ್ನಡ ಪ್ರಕಾಶಕರಿಗೆ ಸಣ್ಣ ಮಾತಲ್ಲ.

ಕೊಳ್ಳಲಾಗದವರಿಗೆ ಗ್ರಂಥಾಲಯವಿದೆ. ಹಂಪಿನಗರದ ಕೇಂದ್ರ ಗ್ರಂಥಾಲಯಕ್ಕೆ ಹೋದರೆ ಕುರ್ಚಿ ಖಾಲಿ ಇರುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆಳಿಗ್ಗೆಯಿಂದ ಕೂತಿರುತ್ತಾರೆ. ಅವರ ಜಾಗ ಅವರಿಗಿರಲಿ. ಕಥೆ ಕಾದಂಬರಿ ಓದುವವರು ಅಲ್ಲಿ ಏನನ್ನೂ ಕೇಳದಿರುವುದರಿಂದ ಅವರಿಗೆ ಏನೂ ಸಿಗುತ್ತಿಲ್ಲ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಅದರ ಪ್ರಕಾರ ನಗರದಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ರಾಜಾಜಿನಗರದ, ವಿಜಯನಗರದ, ಕೆಂಗೇರಿಯ ಪ್ರತಿ ಮನೆಯವರೂ ಅದನ್ನು ಕಟ್ಟುತ್ತಿದ್ದಾರೆ. ನಿಮ್ಮ ಬಳಗದ ಪರವಾಗಿ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಒಂದು ಅರ್ಜಿ ಕೊಡಿ: ತಿಂಗಳಲ್ಲಿ ಒಂದು ಭಾನುವಾರ ಎರಡು ಗಂಟೆ ಕೂರಲು ಜಾಗ, ಆ ತಿಂಗಳ ಪುಸ್ತಕದ ಐದು ಪ್ರತಿ. ಅರ್ಜಿಯ ಕೆಳಗೆ ಹನ್ನೆರಡು ಜನರ ಸಹಿಯೂ ಇರಲಿ.