ವಿಡಿಯೊ ಸಂಪಾದನೆಯ ಕಂಪ್ಯೂಟರಿಗೆ ಎಂಥ ಮದರ್‌ಬೋರ್ಡ್?

ಸೂಕ್ಷ್ಮಬೋಧನೆ ಹಾಗೂ ಅಭ್ಯಾಸ ಪಾಠಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸುವುದು ಸುಲಭ. ಪ್ರಶ್ನೆ ಕೇಳಿದ ಭಾಗ, ಕಪ್ಪುಹಲಗೆ ಬಳಸಿದ ಭಾಗ ಎಂದು ಕತ್ತರಿಸಿ ಮರುದಿನದ ಹಿಮ್ಮಾಹಿತಿಗೆ ಸಿದ್ಧಪಡಿಸುವುದೇ ಕಷ್ಟ. ಕಂಪ್ಯೂಟರ್ ನಿಧಾನವಾದರೆ ವಿಡಿಯೊ ಪೆನ್‌ಡ್ರೈವಿನಲ್ಲೇ ಉಳಿಯುತ್ತದೆ, ಹಿಮ್ಮಾಹಿತಿ ಬಾಯಿಮಾತಿನಲ್ಲೇ ಮುಗಿಯುತ್ತದೆ. ಆದ್ದರಿಂದ ಕಾಲೇಜಿಗೆ ಇಂಥ ಕಂಪ್ಯೂಟರ್ ಜೋಡಿಸುವಾಗ ದರಪಟ್ಟಿಯಲ್ಲಿ ಮದರ್‌ಬೋರ್ಡಿನ ಸಾಲನ್ನು ಎಚ್ಚರದಿಂದ ಓದಬೇಕು.

ಮದರ್‌ಬೋರ್ಡ್ ತಾನಾಗಿ ಸಂಪಾದನೆಯ ವೇಗ ಹೆಚ್ಚಿಸುವುದಿಲ್ಲ. ಅದು ಪ್ರೊಸೆಸರ್, ರ‍್ಯಾಮ್ ಮತ್ತು ಗ್ರಾಫಿಕ್ಸ್‌ನ ಕೆಲಸ. ಇವುಗಳಲ್ಲಿ ಯಾವುದನ್ನು, ಎಷ್ಟನ್ನು ಸೇರಿಸಬಹುದು ಎಂದು ನಿರ್ಧರಿಸುವುದು ಬೋರ್ಡ್. ‘ಗೇಮಿಂಗ್’ ಎಂಬ ಹೆಸರಿಗೂ ಬಣ್ಣದ ದೀಪಗಳಿಗೂ ಕೊಡುವ ಹಣ ನನ್ನ ಪ್ರಕಾರ ದಂಡ.

ಮೊದಲು ಸಾಕೆಟ್. ಇಂಟೆಲ್‌ನ 12, 13, 14ನೇ ತಲೆಮಾರಿನ ಕೋರ್ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಎಲ್‌ಜಿಎ 1700 ಬೇಕು. ಎಎಂಡಿಯ ರೈಜನ್ 7000 ಸರಣಿಗೆ ಎಎಂ5. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ರ‍್ಯಾಮ್ ವಿಚಾರದಲ್ಲಿ ಹೆಚ್ಚು ಜನ ಎಡವುತ್ತಾರೆ. ಎಚ್610 ಚಿಪ್‌ಸೆಟ್‌ನ ಅಗ್ಗದ ಬೋರ್ಡಿನಲ್ಲಿ ಎರಡೇ ಸ್ಲಾಟ್. ಇಂದು 8 ಜಿಬಿಯ ಎರಡು ಹಾಕಿದರೆ, ನಾಳೆ 4ಕೆ ವಿಡಿಯೊಗಾಗಿ 32 ಜಿಬಿ ಬೇಕೆನಿಸಿದಾಗ ಎರಡನ್ನೂ ತೆಗೆದಿಡಬೇಕು. ಬಿ760 ಬೋರ್ಡುಗಳಲ್ಲಿ ನಾಲ್ಕು ಸ್ಲಾಟ್ ಇರುವವು ಸಿಗುತ್ತವೆ. ಡಿಡಿಆರ್5ರಲ್ಲಿ ನಾಲ್ಕೂ ತುಂಬಿದರೆ ವೇಗ ತುಸು ಇಳಿಯುವುದುಂಟು. ಆದರೂ ಸಂಪಾದನೆಯಲ್ಲಿ ರ‍್ಯಾಮ್ ಸಾಲದೆ ಹೋಗುವುದೇ ದೊಡ್ಡ ತೊಂದರೆ. ಡಿಡಿಆರ್4 ಬೋರ್ಡಿಗೆ ಡಿಡಿಆರ್5 ಹಾಕಲಾಗದು, ನಡುವಿನ ಸೀಳೇ ಬೇರೆ ಜಾಗದಲ್ಲಿದೆ.

ಇನ್ನು ಸಂಗ್ರಹ. ಸೆಕೆಂಡಿಗೆ 50 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದ 40 ನಿಮಿಷದ ಪಾಠ ಸುಮಾರು 15 ಜಿಬಿ ಆಗುತ್ತದೆ. ಯುಎಸ್‌ಬಿ 2.0ರ ಗರಿಷ್ಠ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಲೆಕ್ಕದ ಪ್ರಕಾರವೇ ನಕಲಿಗೆ ನಾಲ್ಕು ನಿಮಿಷ ಮೀರುತ್ತದೆ, ವಾಸ್ತವದಲ್ಲಿ ಇನ್ನೂ ಹೆಚ್ಚು. ದಿನಕ್ಕೆ ಹತ್ತು ಪಾಠ ಬಂದರೆ ಕಾಯುವುದೇ ಒಂದು ಕೆಲಸ! 5 ಗಿಗಾಬಿಟ್‌ನ ಯುಎಸ್‌ಬಿ ಪೋರ್ಟುಗಳು ಕೆಲವಾದರೂ ಇರಲಿ. ಎಂ.2 ಸ್ಲಾಟ್ ಎರಡಿರಲಿ: ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಸಂಪಾದಿಸುತ್ತಿರುವ ವಿಡಿಯೊ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಆಸುಪಾಸಿಗೆ ನಿಲ್ಲುತ್ತದೆ, ಎಂ.2ರ ಎನ್‌ವಿಎಂಇ ಡ್ರೈವ್ 3,000 ದಾಟಬಲ್ಲದು. ಮುಗಿದ ಪಾಠಗಳನ್ನು ಸಾಟಾ ಹಾರ್ಡ್‌ಡಿಸ್ಕಿಗೆ ಸಾಗಿಸಿದರಾಯಿತು. ಆದರೆ ಕೆಲವು ಬೋರ್ಡುಗಳಲ್ಲಿ ಒಂದು ಎಂ.2 ಬಳಸಿದೊಡನೆ ಒಂದು ಸಾಟಾ ಪೋರ್ಟ್ ನಿಷ್ಕ್ರಿಯವಾಗುತ್ತದೆ. ಕೈಪಿಡಿಯಲ್ಲಿ ಇದನ್ನು ಬರೆದಿರುತ್ತಾರೆ; ಕೊಳ್ಳುವ ಮೊದಲೇ ತಯಾರಕರ ಜಾಲತಾಣದಿಂದ ಇಳಿಸಿಕೊಂಡು ನೋಡಬಹುದು.

ಬೋರ್ಡಿನ ಹಿಂಭಾಗದ ಎಚ್‌ಡಿಎಂಐ ಪೋರ್ಟ್ ನೋಡಿ ‘ಗ್ರಾಫಿಕ್ಸ್ ಇದೆ’ ಎಂದುಕೊಳ್ಳಬಾರದು. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್ ಹಾಕಿದರೆ ಆ ಪೋರ್ಟಿನಿಂದ ಚಿತ್ರವೇ ಬರುವುದಿಲ್ಲ. ಕಡಿಮೆ ಹಣದಲ್ಲಿ ಸಾಧಾರಣ ಸಂಪಾದನೆಗೆ ‘ಎಫ್’ ಇಲ್ಲದ್ದೇ ಮೇಲು. ಅದರೊಳಗಿನ ಗ್ರಾಫಿಕ್ಸ್ ವಿಡಿಯೊ ಬಿಚ್ಚುವ, ಸಂಕುಚಿಸುವ ಕೆಲಸಕ್ಕೆ ನೆರವಾಗುತ್ತದೆ.

ಸಂಪಾದಿತ ವಿಡಿಯೊ ಸಿದ್ಧವಾಗುವಾಗ ಪ್ರೊಸೆಸರ್ ಬಹಳ ಹೊತ್ತು ಪೂರ್ಣ ಶ್ರಮದಲ್ಲಿರುವುದುಂಟು. ಸಾಕೆಟ್ ಸುತ್ತಲಿನ ವಿದ್ಯುತ್ ಪೂರೈಕೆಯ ಭಾಗಗಳ ಮೇಲೆ ಲೋಹದ ಶಾಖಹಾರಕ ಇರುವ ಬೋರ್ಡನ್ನೇ ಆರಿಸಬೇಕು, ಬೇಸಿಗೆಯಲ್ಲಂತೂ.

ಇದನ್ನು ತರಗತಿಯಲ್ಲಿ ವಿವರಿಸುವವರು ದುರಸ್ತಿ ಅಂಗಡಿಯಿಂದ ಕೆಟ್ಟ ಬೋರ್ಡೊಂದನ್ನು ತಂದಿಟ್ಟುಕೊಂಡರೆ ಒಳ್ಳೆಯ ಬೋಧನೋಪಕರಣ. ಹೊಸ ಬೋರ್ಡಿನ ಸಾಕೆಟ್ ಮುಚ್ಚಳವನ್ನು ಮಾತ್ರ ಪ್ರದರ್ಶನಕ್ಕೆಂದು ತೆರೆಯಬೇಡಿ. ಒಳಗಿನ ಕೂದಲೆಳೆಯಂಥ ಪಿನ್ನುಗಳು ಬೆರಳು ತಗುಲಿದರೂ ಬಾಗುತ್ತವೆ.