ನಿಮಗಿದು ಗೊತ್ತೆ? ಕುದುರೆಗೆ ಮೂಗೊಂದೇ ಉಸಿರಿನ ದಾರಿ

ಕುದುರೆ ಬಾಯಿಯಿಂದ ಉಸಿರಾಡಲಾರದು. ನಾಗಾಲೋಟದಲ್ಲೂ ಅದಕ್ಕೆ ಮೂಗೇ ಗತಿ. ಗಂಟಲಿನ ಮೃದು ಅಂಗುಳು ಬಾಯಿಗೂ ಶ್ವಾಸನಾಳಕ್ಕೂ ನಡುವೆ ಅಡ್ಡಗೋಡೆಯಾಗಿರುತ್ತದೆ. ಹೀಗಾಗಿ ಪ್ರತಿ ಉಸಿರಿನೊಂದಿಗೂ ಸುತ್ತಲಿನ ವಾಸನೆ ಮೂಗಿನೊಳಗೆ ಹಾದುಹೋಗುತ್ತದೆ. ಹೊಸ ವಾಸನೆ ಸಿಕ್ಕರೆ ಕುದುರೆ ಕತ್ತೆತ್ತಿ ಮೇಲ್ತುಟಿಯನ್ನು ಮಡಚುತ್ತದೆ. ನೋಡುವವರಿಗೆ ಅದು ನಗು. ನಿಜದಲ್ಲಿ ವಾಸನೆಯನ್ನು ಮೂಗಿನ ತಳದಲ್ಲಿರುವ ವಿಶೇಷ ಅಂಗಕ್ಕೆ ತಲುಪಿಸುವ ಕ್ರಮ.

ಕುದುರೆಗಳನ್ನು ಶಾಂತಗೊಳಿಸಲು ಲ್ಯಾವೆಂಡರ್ ಎಣ್ಣೆಯ ಪರಿಮಳ ಬಳಸುವುದುಂಟು. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿದರು. ಪರಿಮಳ ಮೂಸುವಾಗ ಕುದುರೆಗಳ ಹೃದಯಬಡಿತದಲ್ಲಿ ನಿರಾಳತೆಯ ಲಕ್ಷಣ ಕಂಡಿತು. ಎಣ್ಣೆಯನ್ನು ಮೂಗಿನ ಬಳಿಯಿಂದ ಸರಿಸಿದಾಗ ಪರಿಣಾಮವೂ ಉಳಿಯಲಿಲ್ಲ. ಇಂಥ ಎಣ್ಣೆಯನ್ನು ತೆಳುಗೊಳಿಸದೆ ಮೈಗೆ ಹಚ್ಚಿದರೆ ಚರ್ಮ ಉರಿಯಬಹುದು.